ಆಟ ಆಮ್ಯಾಲ, ಮೊದಲ ಚಿತ್ರ ನೋಡ್ರಿ

“ಏನ್ರೀ ಮಾಸ್ತರ, ನಮ್ಮ ಮೊಮ್ಮಗ ಊಟಾ ಬಿಟ್ಟು ಆ ಪೋಕೆಮಾನ್ ಎಲಿ ಹಿಡಕೊಂಡು ಕುಂದ್ರತಾನ. ಇವತ್ತ ಇದು, ನಾಳಿ ಇಸ್ಪೀಟ. ನೀವರ ಒಂದ್ ಮಾತ ಬುದ್ಧಿ ಹೇಳ್ರಿ.”

ಕಂಪೌಂಡ್ ಗೋಡೆಯ ಆಚೆಯಿಂದ ಕಾಕಾ ಈ ಮಾತು ತೆಗೆದಾಗಲೆಲ್ಲ ನಾನು ಹುಡುಗನನ್ನು ಬಿಟ್ಟು ಕಾಕಾ ಅವರಿಗೇ ಹೇಳುತ್ತೇನೆ: “ಚಾಳೀಸ ತರ್ರಿ ಕಾಕಾ. ಆಟ ಆಮ್ಯಾಲ, ಮೊದಲ ಚಿತ್ರ ನೋಡ್ರಿ.” ಚಿತ್ರಕಲೆ ಕಲಿಸಿ ಹೊಟ್ಟೆ ಹೊರೆದವನು ನಾನು. ಹತ್ತು ವರ್ಷದ ಹುಡುಗ ತಾನಾಗಿಯೇ ಒಂದು ಚಿತ್ರವನ್ನು ಅರ್ಧ ತಾಸು ದಿಟ್ಟಿಸುತ್ತಾನೆಂದರೆ ಅದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ತರಗತಿಯಲ್ಲಿ ಎಷ್ಟು ಹೇಳಿದರೂ ಹುಟ್ಟದ ಲಕ್ಷ್ಯ ಅದು.

ಒಂದು ಬೇಸರ ಮಾತ್ರ ಇದೆ. ಹುಡುಗರ ಕೈಯಲ್ಲಿರುವುದು ಹೆಚ್ಚಾಗಿ ನಕಲಿ ಎಲೆಗಳು. ಚಿಕ್ಕೋಡಿ ಇರಲಿ, ರಾಯಬಾಗ ಇರಲಿ, ಶಾಲೆಯ ಹತ್ತಿರದ ಅಂಗಡಿಯಲ್ಲಿ ಸಿಗುವುದು ಬಂಗಾರದ ಬಣ್ಣ ಬಳಿದ, ಥಳಥಳ ಹೊಳೆಯುವ ಮಾಲು. ಹೊಳಪು ಹೆಚ್ಚಾದಷ್ಟೂ ಗೆರೆ ಅಳಿಸಿಹೋಗಿರುತ್ತದೆ, ನೆರಳು ಬೆಳಕು ಒಂದೇ ಮುದ್ದೆಯಾಗಿರುತ್ತದೆ. ಅಸಲಿ ಎಲೆಯ ಚಿತ್ರದ ಕೆಳಗೆ ತೀರ ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇರುತ್ತದೆ. ಅದು ಚಿತ್ರ ಬರೆದವರ ಹೆಸರು. ನಕಲಿಯಲ್ಲಿ ಮೊದಲು ಸಾಯುವುದು ಆ ಹೆಸರೇ. ಹುಡುಗನಿಗೆ ನಾನು ಕಲಿಸಿದ್ದು ಇಷ್ಟೇ: ಎಲೆ ಎಷ್ಟು ಜೋರಿನದು ಅಂತ ಆಮೇಲೆ ನೋಡು, ಯಾರು ಬರೆದದ್ದು ಅಂತ ಮೊದಲು ಓದು.

ಹಾಗೆ ಓದಿದರೆ ಮಿತ್ಸುಹಿರೊ ಅರಿತಾ ಸಿಗುತ್ತಾರೆ. 1996ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಈ ಎಲೆಗಳ ಮೊದಲ ಕಂತು ಬಂದಾಗ ಬೆಂಕಿ ಉಗುಳುವ ಚಾರಿಜಾರ್ಡನ್ನೂ ದುಂಡು ಮೈಯ ಪಿಕಾಚುವನ್ನೂ ಬರೆದವರು ಅವರು. ಯುಕಾ ಮೊರಿಯಿ ಸಿಗುತ್ತಾರೆ. ಈ ಹೆಣ್ಣುಮಗಳು ಕುಂಚ ಹಿಡಿಯುವವರಲ್ಲ. ಜೇಡಿಯಂಥ ಮೆತ್ತನೆಯ ವಸ್ತುವಿನಲ್ಲಿ ಪುಟ್ಟ ಪುಟ್ಟ ಗೊಂಬೆ ಮಾಡಿ, ಅವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಅದೇ ಎಲೆಯ ಚಿತ್ರವಾಗುತ್ತದೆ. ಇದನ್ನು ಹೇಳಿದಾಗ ಕಾಕಾ ಅವರ ಮುಖ ಮೊದಲ ಸಲ ಅರಳಿತು. “ಮಣ್ಣೆತ್ತಿನ ಅಮಾಸಿಗೆ ನಮ್ಮ ಹುಡುಗೂರು ಮಾಡೂ ಎತ್ತಿನಂಗ?” ಅಂದರು. ಹೌದು ಕಾಕಾ, ಹಂಗ. ಬೆರಳಿನ ಒತ್ತು ಗೊಂಬೆಯ ಮೈಮೇಲೆ ಉಳಿದಿರುವುದೇ ಆ ಎಲೆಗಳ ಚೆಲುವು.

ಇನ್ನೊಂದು ಸಂಗತಿ ಹೇಳಿದೆ. ಜಪಾನಿನ ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ 1997-98ರ ಸುಮಾರಿಗೆ ಚಿತ್ರಸ್ಪರ್ಧೆ ನಡೆಸಿ, ಗೆದ್ದವರಿಗೆ ಬಹುಮಾನವಾಗಿ ಒಂದು ವಿಶೇಷ ಎಲೆ ಕೊಟ್ಟಿತು. ಪಿಕಾಚುವಿಗೆ ರೂಪ ಕೊಟ್ಟ ಅತ್ಸುಕೊ ನಿಶಿದಾ ಅವರೇ ಅದರ ಚಿತ್ರ ಬರೆದರು. ಪಿಕಾಚುವಿನ ಕೈಯಲ್ಲಿ ಚಿತ್ರ ಬರೆಯುವ ಸಾಮಾನು! ಅದರ ಒಂದು ಪ್ರತಿ 2021ರಲ್ಲಿ 52 ಲಕ್ಷ 75 ಸಾವಿರ ಡಾಲರಿಗೆ ಮಾರಾಟವಾಯಿತು. ಬೆಲೆ ಕೇಳಿ ಕಾಕಾ ಬೆರಗಾದರು. ನನಗೆ ಬೆರಗು ಬೇರೆ: ಚಲೋ ಚಿತ್ರ ಬರೆದ ಹುಡುಗನಿಗೆ ಸಿಕ್ಕ ಬಹುಮಾನ ಅದು.

ಕಾಕಾ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆದವರು. ಅವರಿಗೆ ಈ ಹವ್ಯಾಸದ ಮೂಲ ತಿಳಿದರೆ ಸಿಟ್ಟು ಇಳಿಯುತ್ತದೆಂದು ಅದನ್ನೂ ಹೇಳಿದೆ. ಚಿತ್ರದ ಎಲೆ ಕೂಡಿಹಾಕುವ ರೂಢಿ ಬೆಳೆದದ್ದೇ ತಂಬಾಕಿನ ವ್ಯಾಪಾರದಲ್ಲಿ. 19ನೇ ಶತಮಾನದ ಕೊನೆಗೆ ಅಮೆರಿಕ, ಇಂಗ್ಲೆಂಡಿನ ಕಂಪನಿಗಳು ಸಿಗರೇಟಿನ ಪಾಕೀಟು ಮುದುಡಬಾರದೆಂದು ಒಳಗೆ ರಟ್ಟಿನ ತುಣುಕು ಇಡುತ್ತಿದ್ದವು. ಖಾಲಿ ರಟ್ಟು ಯಾಕೆಂದು ಅದರ ಮೇಲೆ ಆಟಗಾರರು, ನಟಿಯರು, ಹಕ್ಕಿಗಳು, ಹಡಗುಗಳ ಚಿತ್ರ ಛಾಪಿಸಿದರು. ಅಪ್ಪ ಸಿಗರೇಟು ಸೇದಿದ, ಮಗ ಚಿತ್ರ ಕೂಡಿಹಾಕಿದ, ಓಣಿಯಲ್ಲಿ ಅದಲುಬದಲು ಶುರುವಾಯಿತು. ನಮ್ಮ ಕಡೆ ಬೀಡಿ ಕಟ್ಟಿನ ಲೇಬಲ್ಲು, ಕಡ್ಡಿಪೆಟ್ಟಿಗಿ ಮೇಲಿನ ಹುಲಿ, ನವಿಲು, ಹಡಗು ಮಾಡಿದ್ದೂ ಅದೇ ಕೆಲಸ. ಕಡ್ಡಿಪೆಟ್ಟಿಗಿ ಚಿತ್ರ ಕೂಡಿಹಾಕದ ಹುಡುಗ ನಮ್ಮ ವಯಸ್ಸಿನವರಲ್ಲಿ ಯಾರಿದ್ದಾನೆ ಹೇಳಿ?

ದೊಡ್ಡ ಹುಡುಗರು ಬೆಂಗಳೂರು, ಪುಣೆಯ ಹಾಸ್ಟೆಲುಗಳಿಂದ ತರುವ ಇನ್ನೊಂದು ಆಟ ಮ್ಯಾಜಿಕ್. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಪಂಡಿತ 1993ರಲ್ಲಿ ಹೊರತಂದದ್ದು. ಮೊದಲ ಕಂತಿಗೇ 25 ಕಲಾವಿದರು ಚಿತ್ರ ಬರೆದರು. ಎಲೆಯ ಅಳತೆ 63 ಗುಣಿಸು 88 ಮಿಲಿಮೀಟರ್. ಅದರಲ್ಲಿ ಮೇಲೆ ಹೆಸರು, ಕೆಳಗೆ ಆಟದ ವಿವರ, ಅಂಚಿನ ಚೌಕಟ್ಟು ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಅರ್ಧ ಎಲೆಗಿಂತ ಕಡಿಮೆ. ಆ ಜಾಗದಲ್ಲಿ ಜಾನ್ ಏವನ್ ಬಯಲು, ದ್ವೀಪ, ಜೌಗು, ಬೆಟ್ಟ, ಕಾಡುಗಳನ್ನು ಬರೆಯುತ್ತಾರೆ. ನೋಡುತ್ತಿದ್ದರೆ ಅಂಬೋಲಿ ಘಾಟಿನ ಮಳೆಗಾಲದ ಬೆಳಗು ಕಣ್ಣಿಗೆ ಕಟ್ಟುತ್ತದೆ. 2004ರ ಒಂದು ಕಂತಿನಲ್ಲಿ ಅವರ ಈ ಚಿತ್ರಗಳಿಗೆ ಚೌಕಟ್ಟು ಸರಿಸಿ ಇಡೀ ಎಲೆ ಬಿಟ್ಟುಕೊಟ್ಟರು. ಒಳ್ಳೆಯ ಕೆಲಸ ಮಾಡಿದರು. ರೆಬೆಕಾ ಗ್ವೇ ಅವರ ಜಲವರ್ಣದ ಎಲೆಗಳು ನನಗೆ ಇನ್ನೂ ಹೆಚ್ಚು ಹಿಡಿಸಿದವು. ತೆಳು ಬಣ್ಣ, ಬಳ್ಳಿಯ ಹಾಗೆ ಓಡುವ ಗೆರೆ, ಚಿತ್ರದಲ್ಲಿ ಉಸಿರಾಡಲು ಜಾಗ. 2016ರಲ್ಲಿ ಇದೇ ಆಟದವರು ಕಲಾದೇಶ್ ಎಂಬ ಹೆಸರಿನಲ್ಲಿ ನಮ್ಮ ಭಾರತವನ್ನು ನೆನಪಿಸುವ ಒಂದು ಲೋಕವನ್ನೇ ಕಟ್ಟಿದರು. ತಂತಿಗೆಲಸದ ಕುಸುರಿ, ಸೀರೆಯ ನೆರಿಗೆ, ಹಬ್ಬದ ಬಣ್ಣ ಎಲ್ಲವೂ ಅದರಲ್ಲಿದ್ದವು.

ಈಗೀಗ ಬರುವ ಎಷ್ಟೋ ಎಲೆಗಳು ನನ್ನ ಮನಸ್ಸಿಗೆ ಬರುವುದಿಲ್ಲ. ದೊಡ್ಡ ಪರದೆಯ ಮೇಲೆ ಬರೆದ ಚಿತ್ರ, ತುಂಬ ಕವಚ, ತುಂಬ ಮಿಂಚು. ಎಲೆಯಷ್ಟಕ್ಕೆ ಇಳಿಸಿದಾಗ ಯಾವುದು ಕೈ, ಯಾವುದು ಕತ್ತಿ ಗೊತ್ತಾಗುವುದಿಲ್ಲ. ಎಲೆಯ ಚಿತ್ರಕ್ಕೆ ನಾನು ಇಟ್ಟುಕೊಂಡ ಪರೀಕ್ಷೆ ಇದು: ಕೈ ಚಾಚಿ ದೂರ ಹಿಡಿದಾಗ ತಟ್ಟನೆ ಗುರುತು ಸಿಗಬೇಕು, ಕಣ್ಣಿನ ಹತ್ತಿರ ತಂದಾಗ ದೂರದಿಂದ ಕಾಣದ ಮತ್ತೊಂದು ಸಂಗತಿ ಸಿಗಬೇಕು. ಎರಡೂ ಆದರೆ ಅದು ಉತ್ತಮ ಚಿತ್ರ.

ಕಾಕಾ ಸುಮ್ಮನೆ ಕೇಳಿ, “ಅಂಥಾವು ನಮ್ಮ ಕಡೆ ಯಾರೂ ಬರದಿಲ್ಲೇನ್ರಿ? ಎಲ್ಲಾ ಜಪಾನ, ಅಮೆರಿಕಾನ ಏನು?” ಅಂದರು.

ಅದನ್ನು ಕೇಳಲಿ ಎಂದೇ ನಾನು ಕಾಯುತ್ತಿದ್ದೆ. ನಿಪ್ಪಾಣಿ ಬಿಟ್ಟು ಸಂಕೇಶ್ವರಕ್ಕೆ ಬಂದು, ಗಡಹಿಂಗ್ಲಜ, ಆಜರಾ ದಾಟಿ, ಅಂಬೋಲಿ ಘಾಟು ಇಳಿದರೆ ಸಾವಂತವಾಡಿ. ಅಲ್ಲಿ ದೇವರುಗಳು ಗುಂಡನೆಯ ಎಲೆಗಳ ಮೇಲೆ ಕೂತಿದ್ದಾರೆ. ಅದರ ಹೆಸರು ಗಂಜೀಫಾ. ಪರ್ಷಿಯಾದ ಕಡೆಯಿಂದ ಬಂದ ಆಟ. ಬಾಬರ್ 1527ರಲ್ಲಿ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಗಲರ ಕಟ್ಟಿನಲ್ಲಿ ಎಂಟು ಜಾತಿ, 96 ಎಲೆ. ಅದೇ ಆಟ ದಖ್ಖನ್ನಿಗೆ ಇಳಿದಾಗ ನಮ್ಮವರು ಕಿರೀಟ, ನಾಣ್ಯ, ಹುಂಡಿಗಳ ಗುರುತು ತೆಗೆದು ದಶಾವತಾರ ತಂದರು. ಹತ್ತು ಅವತಾರ, ಒಂದೊಂದಕ್ಕೆ 12 ಎಲೆ, ಒಟ್ಟು 120. ರಾಜ, ಪ್ರಧಾನ, ಆಮೇಲೆ ಒಂದರಿಂದ ಹತ್ತು. ಅರ್ಧ ಜಾತಿಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಹಗಲು ಆಡಿದರೆ ರಾಮನಿಂದ ಆಟ ಶುರು, ರಾತ್ರಿ ಆಡಿದರೆ ಕೃಷ್ಣನಿಂದ.

ರಾಜನ ಎಲೆ, ಪ್ರಧಾನನ ಎಲೆ ಎಲ್ಲರ ಕಣ್ಣಿಗೂ ಬೀಳುತ್ತವೆ. ನಾನು ಕಾಕಾ ಅವರಿಗೆ ತೋರಿಸಿದ್ದು ಮೀನಿನ ಹತ್ತು, ಅಂದರೆ ಮತ್ಸ್ಯಾವತಾರದ ಹತ್ತರ ಎಲೆ. ಅಂಗೈಗಿಂತ ಚಿಕ್ಕದಾದ ಗುಂಡು, ಅದರ ಮೇಲೆ ಹತ್ತು ಮೀನು ಕೂಡಬೇಕು. ಎಣಿಸದೆಯೇ ಹತ್ತು ಅಂತ ಆಟಗಾರನಿಗೆ ತಿಳಿಯಬೇಕು, ಕೈಯಲ್ಲಿ ಎಲೆ ಯಾವ ಕಡೆ ತಿರುಗಿದರೂ ತಲೆಕೆಳಗು ಅನ್ನಿಸಬಾರದು. ಇದನ್ನು ಬರೆಯುವ ಚಿತಾರಿ ಏನು ಮಾಡುತ್ತಾನೆ? ಒಂದೊಂದು ಮೀನನ್ನೂ ಎರಡು ಮೂರು ಎಳೆತದಲ್ಲಿ ಮುಗಿಸುತ್ತಾನೆ. ಬೆನ್ನಿನ ಬಾಗು, ಬಾಲದ ಸೀಳು, ಕಣ್ಣಿಗೆ ಒಂದು ಚುಕ್ಕೆ. ನಡುವಿನ ಹಿನ್ನೆಲೆ ಒಂದೇ ಗಟ್ಟಿ ಬಣ್ಣ, ಸುತ್ತ ಅಂಚಿಗೆ ಬೇರೆ ಬಣ್ಣದ ಪಟ್ಟಿ. ದೂರದಿಂದ ಅದು ಹತ್ತು. ಹತ್ತಿರದಿಂದ ನೋಡಿದರೆ ಒಂದು ಮೀನಿನ ಹಾಗೆ ಇನ್ನೊಂದು ಇರುವುದಿಲ್ಲ, ಕುಂಚದ ತುದಿ ಎಲ್ಲಿ ಒತ್ತಿತು, ಎಲ್ಲಿ ಎತ್ತಿತು ಎಂಬುದು ಕಾಣುತ್ತದೆ. ನನ್ನ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಅಂಕ ಯಾವ ಎಲೆಗೂ ಬಿದ್ದಿಲ್ಲ.

ಹಳೆಯ ಕ್ರಮದಲ್ಲಿ ಎಲೆ ಮಾಡುವುದೇ ಒಂದು ತಪಸ್ಸು. ಬಟ್ಟೆಯ ಪದರಗಳನ್ನು ಹುಣಸೆಬೀಜದ ಸರಿಯಿಂದ ಅಂಟಿಸಿ, ಸುಣ್ಣದಂಥ ಬಿಳಿಯ ಲೇಪ ಕೊಟ್ಟು, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದು, ಗುಂಡಗೆ ಕತ್ತರಿಸಿ, ಆಮೇಲೆ ಬಣ್ಣ. ಕೊನೆಗೆ ಅರಗಿನ ಮೆರುಗು. ಇಡಲು ಬಣ್ಣದ ಕಟ್ಟಿಗೆಯ ಪೆಟ್ಟಿಗೆ. 18ನೇ ಶತಮಾನದಲ್ಲಿ ಸಾವಂತವಾಡಿಯ ಅರಸ ಮೂರನೆಯ ಖೇಮ ಸಾವಂತರ ಆಶ್ರಯದಲ್ಲಿ ಬೆಳೆದ ಈ ಕೆಲಸ 20ನೇ ಶತಮಾನದ ನಡುವಿಗೆ ಬಹುತೇಕ ನಿಂತೇಹೋಗಿತ್ತು. 1970ರ ದಶಕದ ಆರಂಭದಲ್ಲಿ ಅದೇ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಅವರ ರಾಣಿ ಸತ್ವಶೀಲಾದೇವಿ ಅವರು ಉಳಿದಿದ್ದ ಹಿರಿಯ ಚಿತಾರಿಯನ್ನು ಅರಮನೆಗೆ ಕರೆಸಿದರು. ರಾಣಿ ತಾವೇ ಕೂತು ಕಲಿತರು, ಊರ ಹುಡುಗ ಹುಡುಗಿಯರಿಗೆ ಕಲಿಸಿದರು. ಆ ಕೆಲಸ ಇಂದಿಗೂ ಉಳಿದಿರುವುದು ಅದರಿಂದಲೇ.

ಕಾಕಾ ಶೇಡಬಾಳದವರು, ಜೈನರು. ಮೀನು, ಆಮೆ, ಕೊಡಲಿ, ಕಮಂಡಲಗಳ ಗುರುತು ಕೇಳಿ ಅವರೇ ಅಂದರು: “ಹಂಗಾರ ಇದು ನಮ್ಮ ಬಸದಿಯೊಳಗಿನ ಲಾಂಛನ ಇದ್ದಂಗ ಆತಲ್ಲ!” ಎಷ್ಟು ಸರಿಯಾಗಿ ಹೇಳಿದರು! 24 ತೀರ್ಥಂಕರರ ಮುಖಮುದ್ರೆ ಒಂದೇ ತರಹ, ಧ್ಯಾನ ಒಂದೇ ತರಹ. ಪೀಠದ ಮೇಲಿನ ಎತ್ತು ನೋಡಿದರೆ ವೃಷಭನಾಥ, ಜಿಂಕೆ ಇದ್ದರೆ ಶಾಂತಿನಾಥ, ಶಂಖ ಇದ್ದರೆ ನೇಮಿನಾಥ, ಸಿಂಹ ಇದ್ದರೆ ಮಹಾವೀರ. ಅಕ್ಷರ ಬಾರದ ಅಜ್ಜಿಯೂ ಬಸದಿಯಲ್ಲಿ ತಪ್ಪದೆ ಗುರುತಿಸುತ್ತಾಳೆ. ಇನ್ನು ನಮ್ಮ ಊರುಗಳಿಂದ ದಿಂಡಿ ಹೋಗುವ ಪಂಢರಪುರದ ವಿಠ್ಠಲನನ್ನೇ ನೋಡಿ. ಇಟ್ಟಿಗೆಯ ಮೇಲೆ ಕಾಲು, ಸೊಂಟದ ಮೇಲೆ ಎರಡೂ ಕೈ. ಬೆರಳಿನ ಉಗುರಿನಷ್ಟು ಬರೆದರೂ ಗುರುತು ತಪ್ಪುವುದಿಲ್ಲ. ಹಳೆಯ ಮರಾಠಿ ಪಂಚಾಂಗಗಳ ದಶಾವತಾರ ಚಿತ್ರದಲ್ಲಿ ಒಂಬತ್ತನೆಯ ಜಾಗದಲ್ಲಿ ಅವನನ್ನೇ ನಿಲ್ಲಿಸಿದ್ದುಂಟು. ಎಲೆಯ ಚಿತ್ರಕಾರ ಬೇಡುವ ಗುಣ ಇದೇ: ಹೊರಗೆರೆಯಲ್ಲೇ ಆಳು ಯಾರೆಂದು ತಿಳಿಯುವುದು. ಪಿಕಾಚುವಿನ ಮಿಂಚಿನಾಕಾರದ ಬಾಲ ನೋಡಿ ಮೊಮ್ಮಗ ಕೂಗುವುದೂ ಅದಕ್ಕೇ.

ಮೈಸೂರಿನ ಮಾತು ಬಿಟ್ಟರೆ ಹರಟೆ ಅರ್ಧವಾಗುತ್ತದೆ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ದೊಡ್ಡ ಪ್ರೇಮಿ. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ ಛದ ಎಂಬ ಹೆಸರಿನ 13 ಬಗೆಯ ಎಲೆಯಾಟಗಳಿವೆ. ಚಿಕ್ಕ ಕಟ್ಟಿನಲ್ಲಿ 36 ಎಲೆ, ದೊಡ್ಡದರಲ್ಲಿ 360! ನವಗ್ರಹ, ಪಂಚಪಾಂಡವ, ಚಾಮುಂಡೇಶ್ವರಿ, ಒಂದೊಂದಕ್ಕೂ ಅದರದೇ ದೇವತೆಗಳು, ವಾಹನಗಳು, ಆಯುಧಗಳು. ಇಂದಿನ ಹುಡುಗರು ಕಂತು ಕಂತಾಗಿ ಕೂಡಿಹಾಕುವ ಲೋಕಗಳನ್ನು ಕನ್ನಡದ ಅರಸರೊಬ್ಬರು ನೂರೈವತ್ತು ವರ್ಷಕ್ಕೂ ಮೊದಲೇ ಕಲ್ಪಿಸಿ ಬರೆಸಿದ್ದರು. ಮೈಸೂರಿನ ಎಲೆಗಳಲ್ಲಿ ಕುಸುರಿ ಹೆಚ್ಚು, ಸಾವಂತವಾಡಿಯವುಗಳಲ್ಲಿ ಗೆರೆಯ ಧೈರ್ಯ ಹೆಚ್ಚು. ನನ್ನ ಒಲವು ಸಾವಂತವಾಡಿಯ ಕಡೆಗೆ. ಆದರೆ ಶ್ರೀರಂಗಪಟ್ಟಣದಲ್ಲಿ ಕೂತು ಮೈಸೂರಿನ ಈ ಕಲೆಗೆ ಮರುಜೀವ ಕೊಟ್ಟ ಗಂಜೀಫಾ ರಘುಪತಿ ಭಟ್ಟರ ಎಲೆಗಳನ್ನು ನೋಡಿದವರು ಈ ವಾದವನ್ನು ಒಪ್ಪಲಾರರು. ಅವರೂ ಸರಿಯೇ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಮುಂಬಯಿಯಲ್ಲಿದ್ದ ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ ಮೂಲದವರು ಈ ಗಂಜೀಫಾ ಎಲೆಗಳನ್ನು ವರ್ಷಗಟ್ಟಲೆ ಕೂಡಿಹಾಕಿ ಅಭ್ಯಾಸ ಮಾಡಿದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನಮ್ಮ ಎಲೆಗಳ ಪ್ರದರ್ಶನವೇ ನಡೆಯಿತು. ಲಂಡನ್ನಿನವರು ನೋಡಿದರು. ನಮ್ಮ ಅಥಣಿ, ಕಾಗವಾಡದ ಎಷ್ಟು ಮನೆಯವರು ನೋಡಿದ್ದೇವೆ?

ಆದ್ದರಿಂದ ಗೋವಾಕ್ಕೆ ಹೊರಟ ಚಿಕ್ಕೋಡಿ ಸೀಮೆಯ ಎಲ್ಲ ಅಣ್ಣ, ವೈನಿ, ಕಾಕಾಗಳಲ್ಲಿ ನನ್ನದೊಂದು ವಿನಂತಿ. ಅಂಬೋಲಿಯಲ್ಲಿ ಜಲಪಾತದ ಮುಂದೆ ಫೋಟೋ ತೆಗೆಸಿಕೊಂಡು ನೇರ ಸಮುದ್ರಕ್ಕೆ ಓಡಬೇಡಿ. ಸಾವಂತವಾಡಿಯಲ್ಲಿ ಕೆರೆಯ ಪಕ್ಕದ ಅರಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ದರ್ಬಾರ್ ಹಾಲಿನಲ್ಲಿ ಕಲಾವಿದರು ಕೂತು ಎಲೆ ಬರೆಯುತ್ತಾರೆ. ಪಕ್ಕದಲ್ಲಿ ನಿಂತು ನೋಡಬಹುದು. ಮಕ್ಕಳ ಪೋಕೆಮಾನ್ ಎಲೆಗಳನ್ನೂ ಜೊತೆಗೆ ಒಯ್ಯಿರಿ, ಎರಡನ್ನೂ ಅಕ್ಕಪಕ್ಕ ಇಟ್ಟು ಅವರೇ ಹೋಲಿಸಿ ನೋಡಲಿ. ಕೈಲಾದರೆ ಒಂದು ಕಟ್ಟು ಕೊಳ್ಳಿ, ಬರೆದವರ ಹೆಸರು ಕೇಳಿ, ಪೆಟ್ಟಿಗೆಯ ಒಳಮುಚ್ಚಳದ ಮೇಲೆ ಬರೆದಿಡಿ.