ಪೂರ್ವಾವೃತ್ತಿ ರಕ್ಷಣ ಮೀಮಾಂಸೆ

ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಮೊದಲು ವಿಷಯ, ಆಮೇಲೆ ಸಂಶಯ, ಅನಂತರ ಪೂರ್ವಪಕ್ಷ. ವಿಷಯ: ಉಡುಪಿಯ ಒಂದು ಡಿಟಿಪಿ ಅಂಗಡಿಗೆ ಹೊಸ ಇನ್‌ಡಿಸೈನ್ ಬಂದಿದೆ. ಸಂಶಯ: 2001ರ ಪೇಜ್‌ಮೇಕರ್ 7ನ್ನು ಇನ್ನು ತೆಗೆಯುವುದೋ, ಇಟ್ಟುಕೊಳ್ಳುವುದೋ? ಪೂರ್ವಪಕ್ಷಿಗಳು ಇಬ್ಬರು. ಒಬ್ಬರು ಸಾಫ್ಟ್‌ವೇರ್ ಕಂಪನಿಯವರು, ಇನ್ನೊಬ್ಬ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತ ರಜೆಯಲ್ಲಿ ಅಂಗಡಿಗೆ ಬಂದು ಕೂರುವ ಅಳಿಯ. ಅಳಿಯಸಂತಾನದ ನಾಡಾದ್ದರಿಂದ ಇವನ ಮಾತಿಗೂ ತೂಕ ಉಂಟು. ಹೊಸತರೊಳಗೆ ಹಳತು ಅಡಗಿಯೇ ಇದೆ, ಎರಡಕ್ಕೂ ಭೇದವಿಲ್ಲ, ಭೇದ ಕಾಣುವುದು ಬಳಸುವವನ ಅಜ್ಞಾನದಿಂದ ಎಂಬುದು ಇಬ್ಬರ ವಾದ. ಇಷ್ಟು ಶುದ್ಧವಾದ ಅದ್ವೈತವನ್ನು ರಥಬೀದಿಯ ಪಕ್ಕದಲ್ಲೇ ನಿಂತು ಹೇಳುವ ಧೈರ್ಯವನ್ನು ಮೆಚ್ಚಲೇಬೇಕು. ಭೇದ ಸತ್ಯ, ಅದು ಐದು ಬಗೆಯದು, ಎಂದಿಗೂ ಅಳಿಯದ್ದು ಎಂದು ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಸಾಧಿಸಿಟ್ಟ ಊರಿದು. ಆ ಐದರಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಒಂದೇ ಹಾರ್ಡ್ ಡಿಸ್ಕಿನಲ್ಲಿ ಕೂತ ಎರಡು ಆವೃತ್ತಿಗಳು ಇದರ ಅಡಿಯಲ್ಲೇ ಬರುತ್ತವೆ ಎಂಬುದು ಪ್ರಸ್ತುತ ಲೇಖಕನ ನಮ್ರ ಸಿದ್ಧಾಂತ.

ಸಿದ್ಧಾಂತಕ್ಕೆ ಮೊದಲು ಪ್ರತ್ಯಕ್ಷ ಪ್ರಮಾಣ. ದೇವಸ್ಥಾನವೊಂದರ ಹನ್ನೆರಡು ವರ್ಷ ಹಿಂದಿನ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಅದು ನುಡಿಯ ಹಳೆಯ ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿ ಕಟ್ಟಿದ್ದು. ಈಗಿನ ಇನ್‌ಡಿಸೈನ್ ಅದನ್ನು ತೆರೆಯುವುದೇ ಇಲ್ಲ. ಪೇಜ್‌ಮೇಕರ್ ಫೈಲನ್ನು ಗುರುತಿಸುತ್ತಿದ್ದ ಕೊನೆಯ ಇನ್‌ಡಿಸೈನ್ 2012ರ ಸಿಎಸ್6. ಹಳತು ಹೊಸತರಲ್ಲಿ ಅಡಗಿದೆ ಎಂದವರು ಎಲ್ಲಿ ಅಡಗಿದೆ ಎಂದು ತೋರಿಸಬೇಕಾದ ಜಾಗ ಇದು. ಇರಲಿ, ಅಕ್ಷರವನ್ನಷ್ಟೇ ಎತ್ತಿ ವಾಟ್ಸಾಪಿಗೆ ಹಾಕಿದರೆ? 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಕಾಣುವುದು ಕ್ರಮವಾಗಿ ರೋಮನ್ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಗೀರಿನ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೂ ಒಂದು ಗೀರಿನ ಎ. ಹಳೆಯ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದವು. ಯುನಿಕೋಡ್ ಪ್ರತಿ ಅಕ್ಷರಕ್ಕೂ ಸ್ವಂತ ಮನೆ ಕೊಟ್ಟಿತು, ಆದರೆ ಹಳೆಯ ವಿಳಾಸಕ್ಕೆ ಬಂದ ಟಪಾಲು ಅಲ್ಲೇ ಬಿತ್ತು. ಸೋಜಿಗವೆಂದರೆ ಬೆರಳುಗಳಿಗೆ ಇದಾವುದೂ ಗೊತ್ತಿಲ್ಲ. ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಆಗಲೂ, ಈಗಲೂ. ಒಳಗೆ ಎಲ್ಲ ಬದಲಾದರೂ ಕೈಗೆ ತಿಳಿಯದಂತೆ ಬದಲಾಗುವುದು ಹೇಗೆಂದು ಕಲಿಯಬೇಕಾದವರು ಇಲ್ಲಿಗೆ ಬರಬಹುದು.

ಅನುಮಾನ ಪ್ರಮಾಣಕ್ಕೆ ದೂರ ಹೋಗಬೇಕಿಲ್ಲ. ಕಾಪುವಿನಲ್ಲಿ ಹಳೇ ಮಾರಿಗುಡಿ ಇದೆ, ಹೊಸ ಮಾರಿಗುಡಿ ಇದೆ, ಅಷ್ಟು ಸಾಲದೆಂಬಂತೆ ಮೂರನೇ ಮಾರಿಗುಡಿಯೂ ಇದೆ. ಸುಗ್ಗಿ ಮಾರಿಪೂಜೆ ಮೂರೂ ಕಡೆ ಒಟ್ಟಿಗೇ ನಡೆಯುತ್ತದೆ, ಒಂದು ತೆರೆದಿದ್ದಾಗ ಇನ್ನೊಂದು ಹ್ಯಾಂಗ್ ಆದ ದಾಖಲೆ ಇಲ್ಲ. 2025ರಲ್ಲಿ ಬ್ರಹ್ಮಕಲಶ ಕಂಡ ಹೊಸ ಮಾರಿಗುಡಿ ಮತ್ತಷ್ಟು ಹೊಸದಾಯಿತು, ಹೆಸರು ಮಾತ್ರ ಬದಲಾಗಲಿಲ್ಲ. ಕಾರ್ಕಳದ ಸಾಕ್ಷ್ಯ ಇನ್ನೂ ಗಟ್ಟಿ, ಏಕೆಂದರೆ ಅದು ಕಲ್ಲಿನದು. ಗೊಮ್ಮಟನ ಮೊದಲ ದೊಡ್ಡ ಆವೃತ್ತಿ ಶ್ರವಣಬೆಳಗೊಳದಲ್ಲಿ 10ನೇ ಶತಮಾನದ ಕೊನೆಗೆ, ಸುಮಾರು 58 ಅಡಿ. ಕಾರ್ಕಳದ್ದು 1432ರಲ್ಲಿ, ಸುಮಾರು 42 ಅಡಿ. ವೇಣೂರಿನದು 1604ರಲ್ಲಿ, ಸುಮಾರು 35 ಅಡಿ. ಪ್ರತಿ ಹೊಸ ಆವೃತ್ತಿ ಹಿಂದಿನದಕ್ಕಿಂತ ಹಗುರ, ಹಿಂದಿನದನ್ನು ಅಲುಗಿಸಿಲ್ಲ, ಮೂರೂ ಚಾಲ್ತಿಯಲ್ಲಿವೆ. ಈ ಮೂರು ಗುಣಗಳಲ್ಲಿ ಒಂದನ್ನಾದರೂ ಪಾಲಿಸಿದ ಸಾಫ್ಟ್‌ವೇರ್ ಕಂಪನಿ ಇದ್ದರೆ ಪಂಡಿತರು ಹುಡುಕಿಕೊಡಬೇಕು. ಉಡುಪಿಯ ಪರ್ಯಾಯದ್ದಂತೂ ವ್ಯವಸ್ಥೆಯ ಮಾತು. ವಾದಿರಾಜರು ಎರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದರು. ಒಂದು ಮಠ ಸರ್ವಜ್ಞ ಪೀಠವೇರಿದಾಗ ಅಕ್ಷಯಪಾತ್ರೆ, ಸಟ್ಟುಗ, ಗುಡಿಯ ಕೀಲಿಕೈ ಕೈ ಬದಲಾಗುತ್ತವೆ. ಇಳಿದ ಮಠವನ್ನು ಯಾರೂ ಅನ್‌ಇನ್‌ಸ್ಟಾಲ್ ಮಾಡುವುದಿಲ್ಲ. ಆವೃತ್ತಿ ರಕ್ಷಣೆಯ ಇಡೀ ಗುಟ್ಟು ಇಲ್ಲಿದೆ: ಇಬ್ಬರೂ ಇರಲಿ, ಕೀಲಿ ಒಬ್ಬರ ಕೈಯಲ್ಲಿರಲಿ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಹೊಸತನ್ನು ಹಾಕುವಾಗ 'ಹಿಂದಿನ ಆವೃತ್ತಿಯನ್ನು ತೆಗೆ' ಎಂಬ ಪುಟ್ಟ ಚೌಕದಲ್ಲಿ ಟಿಕ್ ಇದ್ದರೆ ಅಳಿಸಬೇಕು, ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಇರಬೇಕು, ಡಬಲ್ ಕ್ಲಿಕ್ಕಿನ ಅಧಿಕಾರ ಯಾರಿಗೆಂದು ಮೊದಲೇ ತೀರ್ಮಾನವಾಗಬೇಕು.

ಇನ್ನು ಆಕ್ಷೇಪಗಳು. ಹಳೆಯ ಅಕ್ಷರವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿರುವಾಗ ಹಳೆಯ ಯಂತ್ರ ಏಕೆ ಎಂಬುದು ಅಳಿಯನ ಪ್ರಶ್ನೆ. ಪರಿವರ್ತಕ ಅಕ್ಷರವನ್ನು ತಿರುಗಿಸುತ್ತದೆ, ಪುಟವನ್ನಲ್ಲ. ಹೊಸ ಫಾಂಟಿನ ಅಗಲ ಬೇರೆ. ಸಾಲು ಎಲ್ಲೆಲ್ಲೋ ಒಡೆಯುತ್ತದೆ. ಇನ್‌ಡಿಸೈನಿನಲ್ಲಿ ಕಂಪೋಸರ್ ಬದಲಿಸಲು ಮರೆತರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಪ್ರತ್ಯೇಕ ನಿಲ್ಲುತ್ತದೆ. ಜೀರ್ಣೋದ್ಧಾರ ಸಮಿತಿಯ ಗೌರವಾಧ್ಯಕ್ಷರ ಹೆಸರು ಈ ಗಲಾಟೆಯಲ್ಲಿ ಒಂದು ಸಾಲು ಜಾರಿ 'ಸರ್ವ ಸದಸ್ಯರು' ಎಂಬಲ್ಲಿಗೆ ಬಿದ್ದರೆ ಅದನ್ನು ತಾಂತ್ರಿಕ ದೋಷವೆಂದು ಒಪ್ಪುವ ಗೌರವಾಧ್ಯಕ್ಷರು ಕರಾವಳಿಯಲ್ಲಿ ಅಪರೂಪ. ಎರಡನೆಯ ಆಕ್ಷೇಪ ಗಂಭೀರ: ಪೇಜ್‌ಮೇಕರಿಗೆಂದೇ ಇಟ್ಟುಕೊಂಡ ಎಕ್ಸ್‌ಪಿ ಕಂಪ್ಯೂಟರಿಗೆ 2014ರ ಏಪ್ರಿಲ್ 8ರ ನಂತರ ರಕ್ಷಣೆಯೇ ಇಲ್ಲ. ಇದಕ್ಕೆ ಉತ್ತರ ಕಟ್ಟುನಿಟ್ಟಿನ ಮಡಿ. ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ಮುಟ್ಟಬಾರದು. ಆದರೂ ಪೆನ್‌ಡ್ರೈವ್ ಎಂಬುದು ಎಲ್ಲರ ಮನೆಗೂ ಹೋಗಿ ಬಂದು ಕೈಕಾಲು ತೊಳೆಯದೆ ಒಳಗೆ ನುಗ್ಗುವ ಜಾತಿ; ಇಲ್ಲಿ ಪೂರ್ವಪಕ್ಷದವರ ಕೈ ಸ್ವಲ್ಪ ಮೇಲಾಗುತ್ತದೆಂದು ಒಪ್ಪದೆ ವಿಧಿಯಿಲ್ಲ. ಪರವಾನಗಿಯ ಆಕ್ಷೇಪವನ್ನು ಗ್ರಂಥವಿಸ್ತರ ಭಯದಿಂದ ಬಿಡಲಾಗಿದೆ.

ಉಳಿದದ್ದು ಮುಹೂರ್ತ. ಅಡೋಬಿಯ ದೊಡ್ಡ ಆವೃತ್ತಿಗಳು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಬರುತ್ತವೆ. ದೀಪಾವಳಿ ಕಳೆದದ್ದೇ ಮದುವೆ, ಕೋಲ, ಮೇಳದ ತಿರುಗಾಟ ಎಂದು ಕಾಗದ ಎಣಿಸಿ ಮುಗಿಯದ ಕಾಲ ಶುರುವಾಗುವ ನಾಡಿಗೆ ಇದು ಪರಮ ಅಶುಭ. ಪತ್ತನಾಜೆ ಕಳೆದು, ಯಕ್ಷಗಾನದವರು ಗೆಜ್ಜೆ ಬಿಚ್ಚಿ, ಶುಭಕಾರ್ಯವೇ ಇಲ್ಲದ ಆಟಿ ತಿಂಗಳು ಬಂದಾಗ ಹೊಸತನ್ನು ಹಾಕಿ, ಅಷ್ಟಮಿಯ ಫ್ಲೆಕ್ಸುಗಳಲ್ಲಿ ಪರೀಕ್ಷಿಸಿ, ಹಳತನ್ನು ಪಕ್ಕದಲ್ಲಿ ಜೀವಂತ ಇಟ್ಟುಕೊಳ್ಳುವುದು ವಿಹಿತ. ಆಟಿಯ ಮಳೆಗೆ ಇನ್‌ಸ್ಟಾಲ್ ಅರ್ಧವಾದಾಗಲೇ ಕರೆಂಟು ಹೋಗುತ್ತದಲ್ಲ ಎಂದರೆ, ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು. ಆ ಹಳೆಯ ಬ್ಯಾಟರಿಗೆ ಮಾತ್ರ ಈ ಸಿದ್ಧಾಂತ ಅನ್ವಯಿಸುವುದಿಲ್ಲ. ಅದನ್ನು ಗುಜರಿಗೆ ಕೊಡಬಹುದು.