ಸೂರ್ಯನಾರಾಯಣರಿಗೆ ಒಂದು ಬಂಪರ್ ತಕರಾರು

ಇವರಿಗೆ,
ಸನ್ಮಾನ್ಯ ಶ್ರೀ ಸೂರ್ಯನಾರಾಯಣರು,
ಖಾಯಂ ಕ್ಯಾಂಪ್: ಬಳ್ಳಾರಿ.

ವಿಷಯ: ನನ್ನ ಕಾರಿನ ಕಪ್ಪು ಪ್ಲಾಸ್ಟಿಕ್ ತಮ್ಮ ಕೃಪೆಯಿಂದ ಬೂದಿ ಬಣ್ಣಕ್ಕೆ ತಿರುಗಿದ ಬಗ್ಗೆ.

ಸ್ವಾಮಿ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, 2016ರಲ್ಲಿ ನಾನು ಕಾರು ಕೊಂಡಾಗ ಅದರ ಬಂಪರು, ಚಕ್ರದ ಮೇಲಿನ ಕಮಾನು, ಬಾಗಿಲ ಬುಡದ ಪಟ್ಟಿ ಎಲ್ಲವೂ ಕಾಡಿಗೆಯಂತೆ ಕಪ್ಪಗಿದ್ದವು. "ಇದಕ್ಕೆ ಪೇಂಟ್ ಯಾಕೆ ಹೊಡೆದಿಲ್ಲ?" ಎಂದು ಕೇಳಿದ್ದಕ್ಕೆ ಶೋರೂಮಿನ ಹುಡುಗ, "ರಫ್ ಅಂಡ್ ಟಫ್ ಲುಕ್ ಸಾರ್" ಎಂದ. ಬಣ್ಣದ ಖರ್ಚು ಉಳಿಸಿ ಅದನ್ನೇ ಗಂಡೆದೆ ಎಂದು ಮಾರುವ ವಿದ್ಯೆಗೆ ತಲೆದೂಗಿ ದುಡ್ಡು ಕಟ್ಟಿ ಬಂದೆ. ಮೂರು ಬೇಸಿಗೆ ಕಳೆಯುವುದರೊಳಗೆ ಟಫ್ ಭಾಗಗಳೆಲ್ಲ ಬಿಳಿಚಿಕೊಂಡವು. ವಾಟರ್ ಸರ್ವಿಸ್‌ನವನು ಕೇಳಿಯೇ ಬಿಟ್ಟ: "ಏನ್ ಸಾರ್, ಗಾಡಿಗೆ ವಿಭೂತಿ ಹಚ್ಚೀರೇನು?"

ಮೊದಮೊದಲು ತಮ್ಮ ಬಿಸಿಯನ್ನೇ ಬೈದೆ. ಕ್ಷಮೆಯಿರಲಿ. ಸೆಕೆಗಿಂತ ಹೆಚ್ಚು ಕೆಡಿಸುವುದು ತಾವು ಅದರ ಜೊತೆಗೆ ಸದ್ದಿಲ್ಲದೆ ಕಳಿಸುವ ಅತಿನೇರಳೆ ಕಿರಣವಂತೆ. ಬಂಪರಿನ ಪ್ಲಾಸ್ಟಿಕ್ಕು ಪಾಲಿಪ್ರೊಪಿಲೀನ್ ಜಾತಿಯದು. ಆ ಕಿರಣ ಅದರ ಉದ್ದುದ್ದ ಅಣುಸರಪಳಿಗಳನ್ನು ಕಡಿದು ಹಾಕುತ್ತದೆ. ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳೇಳುತ್ತವೆ. ಬೆಳಕು ಅಲ್ಲಿ ದಿಕ್ಕಾಪಾಲಾಗಿ ಚದುರಿ ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ. ಎಣ್ಣೆ ಕಾಣದ ಮೊಣಕೈಯ ಕಥೆಯೇ. ಒಳಗೆ ಬೆರೆಸಿದ ಮಸಿ ಎಲ್ಲೂ ಹೋಗಿರುವುದಿಲ್ಲ. ಅದಕ್ಕೇ ನೀರು ಸುರಿದರೆ ಹೊಸ ಬಂಪರು, ಒಣಗಿದರೆ ಹಳೆಯ ಮುಖ. 1954ರಲ್ಲಿ ಮಿಲಾನಿನಲ್ಲಿ ಈ ಪ್ಲಾಸ್ಟಿಕ್ಕನ್ನು ಹದಕ್ಕೆ ತಂದ ಜೂಲಿಯೋ ನಾಟ್ಟಾ 1963ರಲ್ಲಿ ನೊಬೆಲ್ ಹಂಚಿಕೊಂಡರು. ಒಂದು ಮೇ ತಿಂಗಳು ಕೌಲ್ ಬಜಾರಿನಲ್ಲಿ ಗಾಡಿ ನಿಲ್ಲಿಸಿದ್ದರೆ ಸ್ವೀಡನ್ನಿಗೆ ಹೊರಡುವ ಮುನ್ನ ಇನ್ನೊಮ್ಮೆ ಯೋಚಿಸುತ್ತಿದ್ದರೇನೋ.

ಔಷಧೋಪಚಾರದ ವಿವರವನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಮಾವನವರ ಸಲಹೆಯಂತೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಹೊಳೆಯಿತು. ಮೂರನೆಯ ಬೆಳಿಗ್ಗೆ ಬೀದಿಯ ಹಸು ಎಡಗಡೆಯನ್ನು ನೆಕ್ಕಿ ಚೊಕ್ಕ ಮಾಡಿತ್ತು. ಆಮೇಲೆ ಸಿಲಿಕೋನ್ ಪಾಲಿಷ್. ಅದು ಒಳಗೆ ಇಳಿಯುವುದಿಲ್ಲ, ಮೇಲೆ ಜಿಡ್ಡಾಗಿ ಕೂರುತ್ತದೆ. ಹಚ್ಚಿದ ಮರುದಿನ ಸಂಡೂರಿಗೆ ಹೋಗಿ ಬಂದೆ. ಅದಿರು ಲಾರಿಗಳ ಕೆಂಧೂಳು ಆ ಜಿಡ್ಡಿಗೆ ಮೆತ್ತಿಕೊಂಡು, ವಿಭೂತಿ ಹೋಗಿ ಕುಂಕುಮ ಬಂತು.

ಪೇಂಟರ್ ಹುಡುಗ ಹಾಟ್ ಏರ್ ಗನ್ ತಂದ ದಿನ ಮಾತ್ರ ನಾನು ಪವಾಡವನ್ನೇ ಕಂಡೆ. ನಳಿಕೆ ಸರಿದಲ್ಲೆಲ್ಲ ಬೂದಿ ಮಾಯವಾಗಿ, ಕಾದ ಹಂಚಿಗೆ ಎಣ್ಣೆ ಸವರಿದ ಹಾಗೆ ಕಪ್ಪು ಹರಡಿಕೊಂಡು ಬರುತ್ತಿತ್ತು. ಮೇಲ್ಪದರ ಚೂರು ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಅಷ್ಟೇ ಗುಟ್ಟು. ಅಷ್ಟರಲ್ಲಿ ಅವನಿಗೊಂದು ಫೋನ್ ಬಂತು. ಈ ಪ್ಲಾಸ್ಟಿಕ್ ಕರಗಲು ಸುಮಾರು 160 ಡಿಗ್ರಿ ಸಾಕು. ಗನ್ನಿನ ತಾಕತ್ತು ಅದರ ಎರಡರಷ್ಟಕ್ಕೂ ಮೇಲೆ. ಬಂಪರಿನ ಬಲಮೂಲೆ ಹಪ್ಪಳದಂತೆ ಸುರುಟಿಕೊಂಡಿತು.

ಇದನ್ನೆಲ್ಲ ನಾನು ಹಣೆಬರಹ ಎಂದು ಬಿಟ್ಟಿದ್ದೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೆಲ್ಲ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಕಡ್ಡಾಯವೆಂದು ಸರ್ಕಾರ ಹೇಳಿ, ಗಡುವನ್ನು ಮುಂದೂಡಿ, ಮತ್ತೆ ಮುಂದೂಡಿ, ಕೊನೆಗೆ ಅದನ್ನು ಹಾಕಿಸಲು ನಾನೂ ಹೋದೆ. ಹಳೆಯ ಪ್ಲೇಟ್ ಬಿಚ್ಚಿದರೆ ಅದರ ಹಿಂದೆ ಒಂದು ಕರಿ ಆಯತ! ತಮ್ಮ ದೃಷ್ಟಿ ಒಂದು ದಿನವೂ ತಾಗದ, 2016ರ ಕಪ್ಪು. ನನ್ನ ಹಳೆಯ ಪ್ಲೇಟು ತುಸು ದೊಡ್ಡದಿತ್ತಾದ್ದರಿಂದ ಹೊಸದರ ಸುತ್ತ ಬೆರಳಗಲದ ಕಪ್ಪು ಅಂಚು ಹಾಗೇ ಉಳಿಯಿತು. ಅದರ ಪಕ್ಕದಲ್ಲಿ ಉಳಿದ ಬಂಪರನ್ನು ನೋಡಲಾಗದೆ ಕೋಟಿಂಗ್ ಬಾಟಲಿ ತರಿಸಿದೆ.

ಬಾಟಲಿಯ ಮೇಲೆ ಬರೆದಿತ್ತು: ನೆರಳಿನಲ್ಲಿ ಹಚ್ಚಿ. ಮನೆ ಮುಂದಿನ ಬೇವಿನ ಮರ ರಸ್ತೆ ಅಗಲೀಕರಣಕ್ಕೆ ಹೋಗಿತ್ತು. ಕಡೆಗೆ ಒಂದು ಕಲ್ಯಾಣ ಮಂಟಪದ ಸೆಲ್ಲಾರಿಗೆ ಗಾಡಿ ಇಳಿಸಿ, ಮದುವೆಗೆ ಬಂದ ಬೀಗರಂತೆ ಮುಖ ಮಾಡಿಕೊಂಡು, ಹಳೆಯ ಟೂತ್ ಬ್ರಷ್‌ನಿಂದ ಸೋಪಿನ ನೀರು ಉಜ್ಜಿದೆ. ಪ್ಲಾಸ್ಟಿಕ್ಕಿನ ಸಣ್ಣ ಗೆರೆಗಳಲ್ಲಿ ಹಳೇ ಪಾಲಿಷ್ ಬೆಳ್ಳಗೆ ಹೆಪ್ಪುಗಟ್ಟಿತ್ತು. ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ, ತೆಳ್ಳಗೆ ಒಂದು ಕೈ ಹಚ್ಚಿದೆ. ಮೇಲೆ ಒಂದು ಪಂಕ್ತಿ ಊಟ ಮುಗಿಯುವಷ್ಟರಲ್ಲಿ ಕೆಳಗೆ ನನ್ನ ಕೆಲಸವೂ ಮುಗಿದಿತ್ತು. ಎಂಟು ತಿಂಗಳಾಯಿತು, ಇನ್ನೂ ನಿಂತಿದೆ.

ಆದರೂ ಪ್ಲೇಟಿನ ಸುತ್ತಲಿನ ಅಂಚು ಒಂದು ಕೈ ಹೆಚ್ಚೇ ಕಪ್ಪು. ಈಗ ಅದರ ಮೇಲೂ ದಿನಾ ಬೆಳಿಗ್ಗೆ ತಮ್ಮ ಕಿರಣ ಬೀಳುತ್ತಿದೆ. ಮಿಕ್ಕ ಬಂಪರಿನ ಬಗ್ಗೆ ನನ್ನ ತಕರಾರೇನಿಲ್ಲ. ಆ ಬೆರಳಗಲವನ್ನಾದರೂ ಬಿಟ್ಟುಕೊಡಬೇಕೆಂದು ಪ್ರಾರ್ಥನೆ.

ತಮ್ಮ ವಿಧೇಯ,
ಬೂದಿ ಬಂಪರಿನ ಮಾಲೀಕ

ಲಗತ್ತು: ಸುರುಟಿದ ಬಲಮೂಲೆಯ ಫೋಟೋ ಒಂದು.
ಪ್ರತಿ: ಶ್ರೀ ವರುಣದೇವರಿಗೆ, ಸಿಲಿಕೋನ್ ತೊಳೆದುಕೊಂಡು ಹೋದ ಬಗ್ಗೆ ವಿವರಣೆ ಕೋರಿ. ಹಸುವಿಗೆ, ಮಾಹಿತಿಗಾಗಿ.