ಹತ್ತು ಸಸಿ, ಅರವತ್ತು ಟೀ-ಶರ್ಟ್

(ಕಲಬುರಗಿ ಬಸ್ ನಿಲ್ದಾಣ. ಬೆಂಗಳೂರಿನಿಂದ ಊರಿಗೆ ಬಂದ ಸಾಫ್ಟ್‌ವೇರ್ ಹುಡುಗ. ಪಕ್ಕದಲ್ಲಿ ನಿವೃತ್ತ ಮಾಸ್ತರ ಕಾಕಾ.)

ಕಾಕಾ: ಬ್ಯಾನರ್ ಹಿಡ್ಕೊಂಡು ಎಲ್ಲಿ ಹೊಂಟಿ ತಮ್ಮಾ? ಎಲೆಕ್ಷನ್ ಬಂತೇನು?

ಹುಡುಗ: ಇಲ್ರಿ ಕಾಕಾ, ಸಮಾಜಸೇವಾ. ಕಮಲಾಪುರ ಸಾಲ್ಯಾಗ ಸಸಿ ನೆಡ್ತೀವ್ರಿ.

ಕಾಕಾ: ಎಷ್ಟು?

ಹುಡುಗ: ಹತ್ತು. ಟೀ-ಶರ್ಟ್ ಅರವತ್ತು.

ಕಾಕಾ: ನೀರು ಹಾಕೋರು?

ಹುಡುಗ: ಅದು ಬಜೆಟ್ಟಿನಾಗಿಲ್ರಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು 3 ವರ್ಷದ ಸರಾಸರಿ ಲಾಭದಾಗ ಶೇ. 2 ಸೇವಾಕ್ಕ ಇಡಬೇಕ್ರಿ. ಅದಕ್ಕ ಫೋಟೋ ಬೇಕೇ ಬೇಕು.

ಕಾಕಾ: ನಮ್ಮ ಶರಣಬಸವೇಶ್ವರರು ಫೋಟೋ ಇಲ್ಲದ ಕಾಲದಾಗ ದಾಸೋಹ ಮಾಡ್ಯಾರಲ್ಲೋ!

ಹುಡುಗ: ಅವರಿಗೆ ರಿಪೋರ್ಟ್ ಕೇಳೋ ಮ್ಯಾನೇಜರ್ ಇರಲಿಲ್ರಿ.

ಕಾಕಾ: ಹೋದಾಂವ ಹುಡುಗರಿಗೆ ಒಂದ್ ತಾಸು ಗಣಿತರ ಹೇಳಿಕೊಡು.

ಹುಡುಗ: ಟೈಮಿಲ್ರಿ, ಗ್ರೂಪ್ ಸೆಲ್ಫಿ ಅದ. ಬರೋವಾಗ ನಿಮಗ ಕಮಲಾಪುರದ ಕೆಂಪು ಬಾಳೆಹಣ್ಣು ತರ್ತೀನಿ.

ಕಾಕಾ: ಚೌಕಾಸಿ ಮಾಡದೇ ತಗೋ. ಅದೂ ಸೇವಾನೇ.

(ಓದುಗರೇ, 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕಟ್ಟಕಡೆಯ ಸ್ಥಾನ ಕಲಬುರಗಿ ಜಿಲ್ಲೆಯದು. ಗಣಿತ ಬಲ್ಲವರು ವಾರಕ್ಕೊಂದು ಸಂಜೆ ಶಾಲೆ ಕಡೆ ಬನ್ನಿ. ಯಾವ ಅಂಗಿಯಾದರೂ ಸರಿ.)